ಕರಿಬೇವಿನ ಪಾತರಗಿತ್ತಿ

ಸುಳ್ಳು ಹೇಳಿದವನು ನಾನು. ಮೂರು ವರ್ಷದ ಹಿಂದೆ, ಸದಾಶಿವ ಪೇಠೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಸಂಘದ ನಿಮ್ಮೆಲ್ಲರೆದುರು, ನಮ್ಮ ವೈನಿಯ — ಅಣ್ಣನ ಹೆಂಡತಿಯ — ಮೇಲೆ ತಪ್ಪು ಹೊರಿಸಿದೆ. ನೀವು ನಕ್ಕಿರಿ. ನಗಿಸಿದವನೂ ನಾನೇ.

ಹಿತ್ತಲಿನ ಕರಿಬೇವಿನ ಮೇಲೆ ಒಂದೇ ಪಾತರಗಿತ್ತಿ ಇಟ್ಟ ತತ್ತಿಗಳನ್ನು ವೈನಿ ಉಪ್ಪಿನಕಾಯಿಯ ಗಾಜಿನ ಭರಣಿಯಲ್ಲಿ ಸಾಕಿದ್ದರು. ಹಕ್ಕಿ ಹಿಕ್ಕೆಯಂತಿದ್ದ ಹುಳುಗಳು ಹಸಿರಾದವು, ಕೋಶ ಕಟ್ಟಿದವು. ಹೊರಬಂದ ಗಂಡಿನ ರೆಕ್ಕೆಗೆ ಬಿಳಿ ಪಟ್ಟಿ. ಹೆಣ್ಣಿಗೆ ಕೆಂಪು ಚುಕ್ಕೆ — ವಿಷದ ಬಳ್ಳಿ ತಿಂದು ಬೆಳೆಯುವ, ಹಕ್ಕಿಗಳು ಮುಟ್ಟದ ಬೇರೊಂದು ಚಿಟ್ಟೆಯ ವೇಷ! ಅದು ಅಣಕಿಸುವುದು ಜೀವ ಉಳಿಸಿಕೊಳ್ಳಲು; ನಾನು — ಚಪ್ಪಾಳೆಗೆ.

ನಾನೋ, ಆ ಹೆಣ್ಣನ್ನು ಗಾಜಿನ ಪೆಟ್ಟಿಗೆಯಲ್ಲಿ ಚುಚ್ಚಿಟ್ಟು, ವಿಷದ ಚಿಟ್ಟೆಯ ಹೆಸರಿನ ಚೀಟಿ ಅಂಟಿಸಿ, ಕಾಲೇಜಿನಲ್ಲಿ ಶಹಭಾಸ್ ಎನಿಸಿಕೊಂಡಿದ್ದೆ. ಆ ಪೆಟ್ಟಿಗೆ ತೋರಿಸಲೆಂದೇ ಅಂದು ನಮ್ಮ ಪ್ರೊಫೆಸರರನ್ನೂ ನಿಮ್ಮನ್ನೂ ಕರೆದಿದ್ದು. ಅಡುಗೆಮನೆಯ ಬಾಗಿಲಿನಿಂದ ವೈನಿ ಅಂದರು:

"ಬಿಳಿ ಪಟ್ಟಿ ಗಂಡು, ಈ ಹೆಣ್ಣು, ಎರಡೂ ಒಂದ ತಾಯಿ ಮಕ್ಕಳ್ರೀ. ವಿಷದ್ದರ ಮೈ ಕೆಂಪಿರ್ತದ, ಇದರದು ಕರೇದ ಅದ. ನೋಡ್ರಿ."

ಪ್ರೊಫೆಸರರು ನನ್ನತ್ತ ತಿರುಗಿದರು: "ನೀ ಕಣ್ಣಾರೆ ನೋಡೀಯೇನೋ?"

ನೋಡಿದ್ದೆ. ಎರಡೂ ಕೋಶ ಒಡೆದು ಬಂದಾಗ ಭರಣಿಯನ್ನು ಬೆಳಕಿಗೆ ಹಿಡಿದವನೇ ನಾನು. ಆದರೆ ನನ್ನ ಚೀಟಿ, ನನ್ನ ಶಹಭಾಸು — ತಲೆಗೆ ಪಂಚೆ ಹೊದ್ದು, ಥೇಟು ವೈನಿಯ ದನಿ ತೆಗೆದೆ: "ಬಾರೋ ನನ್ನ ಹುಳಪ್ಪಾ, ಒಗ್ಗರಣಿಗೆ ಹೊತ್ತಾತು!"

ಪಡಸಾಲೆ ನಕ್ಕು ಉರುಳಿತು. ಆ ನಗೆಯೊಳಗೇ ತೂರಿಸಿದೆ: "ಎರಡು ಭರಣಿ ಹುಳ ಕೂಡಿಸಿರಬೇಕ್ರಿ ಸರ್. ನಾ ಏನೂ ನೋಡಿಲ್ಲ."

"ಅಡಿಗಿಮನಿ ಶಾಸ್ತ್ರ, ಬಿಡು" ಎಂದು ಅವರು ಚಹಾ ಕುಡಿದರು. ಆರು ಹೆಜ್ಜೆ ದೂರದಲ್ಲಿ ಭರಣಿಯಿತ್ತು, ಕೊನೆಯ ಕೋಶ ಇನ್ನೂ ಒಡೆದಿರಲಿಲ್ಲ — ಒಬ್ಬರಾದರೂ ಎದ್ದು ಹೋಗಿ ನೋಡಿದಿರಾ? ಎಂಥ ಪಂಡಿತರು! ಅವರಲ್ಲಿ ಮೊದಲಿಗ ನಾನು, ನೋಡಿಯೂ ನೋಡದವನು.

ಮರುದಿನ ವೈನಿ ಹುಳುಗಳ ಬಗ್ಗೆ ದಿನದಿನವೂ ಬರೆದಿಟ್ಟ ವಹಿಯನ್ನು ಹಂಡೆಯ ಒಲೆಗೆ ಹಾಕಿದರು. ಭರಣಿ ತೊಳೆದು ಮಾವಿನಕಾಯಿ ತುಂಬಿದರು.

ಹೋದ ವಾರ ಕ್ಷಮೆ ಕೇಳಿದೆ. ಕೈಯೊಳಗಿನ ಹಿಟ್ಟು ನಾದುತ್ತಲೇ ಅಂದರು: "ನನಗ್ಯಾಕ ಹೇಳ್ತೀಯೋ? ನನಗ ಗೊತ್ತಿದ್ದದ್ದ ಅದ. ನಕ್ಕವರಿಗೆ ಹೋಗಿ ಹೇಳು."

ಅದಕ್ಕೇ ಸಂಘದ ಈ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ. ಸರ್, ಈಗ ಕಾಲೇಜಿನ ಕಪಾಟಿನಲ್ಲಿರುವ ಆ ಪೆಟ್ಟಿಗೆಯ ಚೀಟಿ ಸುಳ್ಳು. ಸೋಮವಾರ ಬಂದು ನಿಮ್ಮೆದುರೇ ಕಿತ್ತು, ಸರಿಯಾದದ್ದನ್ನು ಅಂಟಿಸುತ್ತೇನೆ. ಕೆಳಗೆ ಕಂಡುಹಿಡಿದವರ ಹೆಸರೂ ಇರುತ್ತದೆ — ಕೃಷ್ಣಾಬಾಯಿ. ಅಂದು ನೀವ್ಯಾರೂ ಕೇಳಿರಲಿಲ್ಲ.