ಅರ್ಧ ಮೀಟರಿನ ಆಚೆ

ಹಿತ್ತಲಲ್ಲಿ ಒಂದು ಕೋಣೆ ಕಟ್ಟಲು ಅನುಮತಿ ಕೇಳಿ ಲಮೈ ಪುರಸಭೆಗೆ ಕೊಟ್ಟ ಅರ್ಜಿಯಲ್ಲಿ ಹನ್ನೊಂದು ಹಾಳೆಗಳಿದ್ದವು. ಹತ್ತು ಸರಿಯಾಗಿದ್ದವು. ಹನ್ನೊಂದನೆಯದರಲ್ಲಿ ಪಕ್ಕದ ಮನೆಯವಳ ಒಪ್ಪಿಗೆ ಇತ್ತು, ಕೆಳಗೆ ಸಹಿಯೂ ಇತ್ತು. ಆ ಪಕ್ಕದ ಮನೆಯವಳು ಸತ್ತು ಎಂಟು ತಿಂಗಳಾಗಿತ್ತು.

ಕಟ್ಟಡ ವಿಭಾಗದ ಗುಮಾಸ್ತೆ ಕ್ರಿತ್ಸನಾ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದಳು.

"ದೊಡ್ಡಮ್ಮ, ಈ ಸಹಿ ಯಾರದು?"

"ಸಂಗ್ವಿಯನ್‌ದು. ಪಕ್ಕದ ಮನೆ."

"ಅವರ ಮನೆ ನೋಂದಣಿ ಪುಸ್ತಕದ ನಕಲು ನೀವೇ ಇಟ್ಟಿದ್ದೀರಿ. ಹೆಸರಿನ ಮೇಲೆ ಕೆಂಪು ಮುದ್ರೆ ನೋಡಿ. ಮೃತ ಅಂತಿದೆ."

"ಗೊತ್ತಮ್ಮ. ಅವಳನ್ನ ಕೇಳಿಯೇ ಹಾಕಿದ್ದು."

"ಯಾವಾಗ ಕೇಳಿದ್ರಿ?"

"ಹೋದ ಬುಧವಾರ."

ಕ್ರಿತ್ಸನಾ ನಗಲಿಲ್ಲ. ಆ ಊರಿನಲ್ಲಿ ಅದು ನಗುವ ಮಾತಲ್ಲ. ಹಾಳೆಯನ್ನು ಬಿಡಿಸಿ ವಾಪಸ್ ಕೊಟ್ಟಳು. "ಇದನ್ನ ನಾನು ನೋಡಿಲ್ಲ, ನೀವು ಕೊಟ್ಟಿಲ್ಲ. ವಾರಸುದಾರರ ಸಹಿ ತನ್ನಿ. ಇಲ್ಲಾಂದ್ರೆ ಗಡಿಯಿಂದ ಅರ್ಧ ಮೀಟರು ಬಿಟ್ಟು ಗೋಡೆ ಕಟ್ಟಿ, ಆಗ ಯಾರ ಒಪ್ಪಿಗೆಯೂ ಬೇಡ."

ಆ ಅರ್ಧ ಮೀಟರೇ ಲಮೈಯ ಬಳಿ ಇರಲಿಲ್ಲ.

ನೊಂಥಬುರಿ ಪಟ್ಟಣದ ಹಳೆಯ ಬಡಾವಣೆಯೊಂದರಲ್ಲಿ, ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲಿನಲ್ಲಿ ಅವಳದು ಕೊನೆಯದು. ಅಗಲ ನಾಲ್ಕು ಮೀಟರು. ಹಿತ್ತಲಿನ ಕೊನೆಯ ಎರಡು ಮೀಟರು ಬಯಲಾಗಿಯೇ ಇರಬೇಕು, ಓಣಿಯ ಬದಿಗೂ ಜಾಗ ಬಿಡಬೇಕು. ಉಳಿದದ್ದರಲ್ಲಿ ಒಂದು ಮಂಚ, ಒಂದು ಬಚ್ಚಲು, ಗಾಲಿಕುರ್ಚಿ ತಿರುಗುವಷ್ಟು ನೆಲ. ಅರ್ಧ ಮೀಟರು ಕಳೆದರೆ ಕುರ್ಚಿ ತಿರುಗುವುದಿಲ್ಲ.

ಕುರ್ಚಿ ಅವಳ ಗಂಡ ತವಿನ್‌ನದು. ಮೂವತ್ತು ವರ್ಷ ನದಿಯಲ್ಲಿ ಜನರನ್ನು ದಾಟಿಸುವ ದೋಣಿ ನಡೆಸಿದವನು. ಪಾರ್ಶ್ವವಾಯು ಬಡಿದ ಮೇಲೆ ಮಾತು ಹೋಯಿತು, ಎಡಗೈ ಒಂದು ಉಳಿಯಿತು. ಮೆಟ್ಟಿಲು ಹತ್ತಲಾರ. ಹಾಗಾಗಿ ಮುಂದಿನ ಕೋಣೆಯಲ್ಲಿ, ಗೇಟಿಗೆ ಮೂರು ಹೆಜ್ಜೆ ದೂರದಲ್ಲಿ ಮಲಗಿದ್ದ. ಮೈ ಒರೆಸುವಾಗ ಲಮೈ ಬಟ್ಟೆಯ ಪರದೆ ಎಳೆಯುತ್ತಿದ್ದಳು. ಗಾಳಿ ಬಂದರೆ ಪರದೆ ಹಾರುತ್ತಿತ್ತು. ಆಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ, ತಾನು ನೋಡದಿದ್ದರೆ ಓಣಿಯೂ ನೋಡುವುದಿಲ್ಲ ಎನ್ನುವಂತೆ. ಅವಳಿಗೆ ಬೇಕಿದ್ದದ್ದು ಇಷ್ಟೇ, ಅವನು ಸಾಯುವ ಮೊದಲು ಅವನಿಗೊಂದು ಬಾಗಿಲಿರುವ ಕೋಣೆ.

"ಪರವಾನಗಿ ಯಾಕಕ್ಕ?" ಎಂದು ಎದುರುಮನೆಯ ಬುನ್‌ಲಾ ಕೇಳಿದ್ದಳು. ಬಾಳೆಹಣ್ಣು ಕರಿದು ಮಾರುವವಳು, ಬಾಯಿ ಎಣ್ಣೆಗಿಂತ ಬಿಸಿ. "ಈ ಓಣಿಯಲ್ಲಿ ಹದಿನೆಂಟು ಮನೆ ಹಿಂದೆ ಗೋಡೆ ಎದ್ದಿದೆ. ಒಂದಕ್ಕಾದ್ರೂ ಕಾಗದ ಇದೆಯಾ? ರಾತ್ರೋರಾತ್ರಿ ಶೀಟು ಹೊದಿಸು, ಬೆಳಿಗ್ಗೆ ಅನ್ನ ಬೇಯಿಸು, ಮುಗೀತು."

"ಬೇರೆಯವರು ಕಟ್ಟಬಹುದು. ನಾನು ಕಟ್ಟೋ ಹಾಗಿಲ್ಲ."

ಕಾರಣ ಓಣಿಗೆಲ್ಲ ಗೊತ್ತಿತ್ತು.

ಲಮೈ ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಅನ್ನ ಅಳೆದು ಬಡಿಸಿದವಳು. ತನ್ನ ತಂಗಿಯ ಮಗನಿಗೂ ಒಂದೇ ಸೌಟು. ಹನ್ನೆರಡು ವರ್ಷದ ಹಿಂದೆ ಸಂಗ್ವಿಯನ್ ತನ್ನ ಹಿತ್ತಲಿನ ಅಡುಗೆಮನೆಗೆ ಗೋಡೆ ಕಟ್ಟಿಸಿ ಮಾಡು ಹೊದಿಸಲು ಹೊರಟಳು. ಗಡಿಗೆ ತಾಗಿದ ಗೋಡೆಯಾದ್ದರಿಂದ ಲಮೈಯ ಒಪ್ಪಿಗೆ ಬೇಕಿತ್ತು. "ನೀನು ನನಗೆ ಸಹಿ ಹಾಕು, ನಾಳೆ ನಿನಗೆ ಬೇಕಾದ್ರೆ ನಾನು ಹಾಕ್ತೀನಿ" ಎಂದು ಹಾಳೆ ಹಿಡಿದು ಬಂದಳು. ಬಟ್ಟೆಗೆ ಬಿಸಿಲು ತಪ್ಪುತ್ತದೆ, ಮೆಣಸಿನ ಘಾಟು ತಿರುಗಿ ನನ್ನ ಮನೆಗೇ ಹೊಡೆಯುತ್ತದೆ ಎಂದು ಲಮೈ ಒಪ್ಪಲಿಲ್ಲ. ಸಂಗ್ವಿಯನ್ ಒಪ್ಪಿಗೆಯಿಲ್ಲದೆಯೇ ಇಟ್ಟಿಗೆ ಏರಿಸಿದಳು. ಲಮೈ ಶಾಲೆಯ ಅಳತೆಪಟ್ಟಿ ತಂದು ಅಳೆದು, ದೂರು ಬರೆದು, ಕೆಳಗೆ ತನ್ನ ಹೆಸರನ್ನೂ ಬರೆದಳು. ಪುರಸಭೆಯವರು ಬಂದು ಆದೇಶ ಅಂಟಿಸಿದರು. ಗೋಡೆಯನ್ನು ಮೊಣಕಾಲೆತ್ತರಕ್ಕೆ ಒಡೆದರು. ಆ ಮೋಟು ಗೋಡೆ ಹಾಗೆಯೇ ಉಳಿಯಿತು. ಸಂಗ್ವಿಯನ್ ಕೊನೆಯವರೆಗೂ ಅರ್ಧ ಮಾಡಿನ ಕೆಳಗೆ ಅಡುಗೆ ಮಾಡಿದಳು, ಮಳೆಗಾಲದಲ್ಲಿ ಕೊಡೆ ಹಿಡಿದು.

ದಿನವೂ ಸಂಜೆ ನಾಲ್ಕಕ್ಕೆ ಅವಳು ಕಲ್ಲಿನ ಒರಳಿನಲ್ಲಿ ಮೆಣಸು ಕುಟ್ಟುತ್ತಿದ್ದಳು. ಮೂರು ನಿಧಾನ, ಎರಡು ಬೇಗ. ಇಬ್ಬರಿಗೂ ಮಾತಿರಲಿಲ್ಲ. ಆದರೆ ಆ ಸದ್ದು ಕೇಳಿದ ಮೇಲೆಯೇ ಲಮೈ ಅಕ್ಕಿ ತೊಳೆಯುತ್ತಿದ್ದಳು.

ಎಂಟು ತಿಂಗಳ ಹಿಂದೆ ಒಂದು ಮಂಗಳವಾರ, ಮಳೆ ಸುರಿದ ಮಧ್ಯಾಹ್ನದ ಮೇಲೆ, ನಾಲ್ಕು ಗಂಟೆಗೆ ಸದ್ದು ಬರಲಿಲ್ಲ. ಲಮೈ ಅಕ್ಕಿ ಕೈಯಲ್ಲಿ ಹಿಡಿದು ಕಾದಳು. ಬುಧವಾರವೂ ಬರಲಿಲ್ಲ. ಗುರುವಾರ ಅವಳು ಮೋಟು ಗೋಡೆ ದಾಟಿ ಹೋದಳು. ಸಂಗ್ವಿಯನ್ ಒದ್ದೆ ನೆಲದ ಮೇಲೆ ಒರಳಿನ ಪಕ್ಕ ಬಿದ್ದಿದ್ದಳು. ಬುಧವಾರ ಬೆಳಿಗ್ಗೆಯವರೆಗೂ ಜೀವ ಇದ್ದಿರಬಹುದು ಎಂದು ಡಾಕ್ಟರು ಹೇಳಿದರು. ಆಗ ಹತ್ತಿರದ ನೆಂಟರು ಯಾರೂ ಸಿಗದೆ, ಅಂತ್ಯಕ್ರಿಯೆಯ ಕಾಗದಪತ್ರಗಳನ್ನು ಲಮೈಯೇ ಓಡಾಡಿ ಮಾಡಿಸಿದಳು. ನೋಂದಣಿ ಪುಸ್ತಕ ಅವಳ ಬಳಿ ಉಳಿದದ್ದು ಹಾಗೆ.

ಸತ್ತವಳ ಹೆಸರಿನಲ್ಲಿ ಮಾಡುವ ನೂರನೇ ದಿನದ ದಾನ ಮುಗಿದ ಮರುದಿನ, ನಾಲ್ಕು ಗಂಟೆಗೆ, ಬೀಗ ಹಾಕಿದ ಮನೆಯಿಂದ ಒರಳಿನ ಸದ್ದು ಬಂತು. ಮೂರು ನಿಧಾನ, ಎರಡು ಬೇಗ. ಲಮೈ ತನ್ನ ಕಿವಿಯದೇ ದೋಷ ಎಂದುಕೊಂಡಳು. ತಿರುಗಿ ನೋಡಿದರೆ, ತವಿನ್‌ನ ಎಡಗೈ ಬೆರಳು ಮಂಚದ ಕಂಬಿಯ ಮೇಲೆ ಅದೇ ತಾಳ ಬಡಿಯುತ್ತಿತ್ತು.

ಹಾಗಾಗಿ ಒಪ್ಪಿಗೆ ಬೇಕಾದಾಗ ಸಂಗ್ವಿಯನ್‌ಳನ್ನೇ ಕೇಳುವುದು ಲಮೈಗೆ ವಿಚಿತ್ರವೆನಿಸಲಿಲ್ಲ. ಮುಚ್ಚಿದ ಗೇಟಿನ ಮುಂದೆ ಅನ್ನ, ಸಿಗಡಿ ಗೊಜ್ಜು, ಬೇಯಿಸಿದ ಬದನೆ ಇಟ್ಟು, ತಟ್ಟೆಯ ಕೆಳಗೆ ಖಾಲಿ ಹಾಳೆ ಇಟ್ಟಳು. ಸತ್ತವರಿಗೆ ಹಚ್ಚುವಂತೆ ಒಂದೇ ಊದುಬತ್ತಿ ಹಚ್ಚಿದಳು. "ಒಪ್ಪಿಗೆ ಇದ್ರೆ ಬೂದಿ ಮುರೀಬಾರದು. ಇಲ್ಲ ಅಂದ್ರೆ ನಡುವೆಯೇ ಮುರೀಲಿ."

ಬೂದಿ ಮುರಿಯಲಿಲ್ಲ. ಬುಡದವರೆಗೂ ಸುರುಳಿಯಾಗಿ ಬಾಗಿ ನಿಂತಿತು. ಬೂದಿಯ ಸುರುಳಿಯಲ್ಲಿ ಅಂಕಿ ಹುಡುಕಲು ಬುನ್‌ಲಾ ಜಾಲರಿ ಸೌಟು ಹಿಡಿದೇ ಓಡಿ ಬಂದಳು.

"ಏಳು ಕಣಕ್ಕ! ಪಕ್ಕದ್ದು ಒಂಬತ್ತು! ಸಂಗ್ವಿಯನ್ ಬದುಕಿದ್ದಾಗ ಒಂದು ಮೆಣಸಿನಕಾಯಿ ಸಾಲ ಕೊಟ್ಟವಳಲ್ಲ, ಈಗ ಲಾಟರಿ ನಂಬರು ಕೊಡ್ತಿದ್ದಾಳೆ."

ಆ ಸಲದ ಲಾಟರಿಯಲ್ಲಿ ಎಪ್ಪತ್ತೊಂಬತ್ತು ಬರಲಿಲ್ಲ. ಆದರೂ ಲಮೈ ಬೂದಿಯನ್ನು ನಂಬಿದಳು. ಸತ್ತವಳು ಒಪ್ಪಿದ ಮೇಲೆ ಕೈ ಯಾರದಾದರೇನು ಎಂದು ಹಾಳೆಯ ಮೇಲೆ ತಾನೇ ಹೆಸರು ಬರೆದಳು. ಅಳತೆ ತಪ್ಪದವಳು ಜೀವನದಲ್ಲಿ ಬರೆದ ಒಂದೇ ಸುಳ್ಳು ಸಹಿ. ಅವಳ ಪ್ರಕಾರ ಅದು ಸುಳ್ಳೂ ಅಲ್ಲ.

ಕ್ರಿತ್ಸನಾ ಹಾಳೆ ಹಿಂದಿರುಗಿಸಿದ ತಿಂಗಳಿಗೆ ಸಂಗ್ವಿಯನ್‌ಳ ಅಣ್ಣನ ಮಗಳು ರಾಂಪೈ ಬಂದಳು. ದೂರದ ಫೆಚಬೂನ್‌ನಲ್ಲಿ ಬಸ್ಸಿನ ಟಿಕೆಟ್ ಮಾರುವವಳು. ಕೋರ್ಟಿನಿಂದ ಆಸ್ತಿಯ ಆದೇಶ ಮಾಡಿಸಿಕೊಂಡು, ಮನೆ ಖಾಲಿ ಮಾಡಿ ಮಾರಲು ಬಂದಿದ್ದಳು. ಲಮೈ ಹೊಸ ಹಾಳೆ ಹಿಡಿದು ಹೋದಾಗ ಅವಳು ಹಿತ್ತಲಿನಲ್ಲಿ ಮೋಟು ಗೋಡೆಯ ಮುಂದೆ ನಿಂತಿದ್ದಳು.

"ದೊಡ್ಡಮ್ಮ, ಇದನ್ನ ಒಡೆಸಿದ್ದು ಯಾರು?"

ಸಹಿ ಬೇಕಾದವಳು ಇನ್ನೇನಾದರೂ ಹೇಳಬಹುದಿತ್ತು.

"ನಾನು" ಎಂದಳು ಲಮೈ. ಆಮೇಲೆ, ಕೇಳದಿದ್ದರೂ, ಮಂಗಳವಾರದ್ದನ್ನೂ ಹೇಳಿದಳು. "ಸದ್ದು ಬರಲಿಲ್ಲ ಅಂತ ನನಗೆ ಅವತ್ತೇ ಗೊತ್ತಾಯ್ತು. ಮಾತಾಡದೆ ಇದ್ದವಳ ಮನೆಗೆ ಹೇಗೆ ಹೋಗೋದು ಅಂತ ಎರಡು ದಿನ ಕೂತೆ."

ರಾಂಪೈ ಒಳಗೆ ಹೋಗಿ ಒಂದು ಹಾಳೆ ತಂದಳು. ಒರಳಿನ ಕೆಳಗೆ ಮಡಚಿ ಇಟ್ಟದ್ದು, ಅಂಚಿಗೆ ಮೆಣಸಿನ ಕೆಂಪು ಹತ್ತಿದ್ದು. ಪಕ್ಕದ ಮನೆಯ ಲಮೈ ಗಡಿಗೆ ತಾಗಿ ಗೋಡೆ ಕಟ್ಟಲು ತನ್ನ ಒಪ್ಪಿಗೆ ಇದೆ ಎಂದು ಅದರಲ್ಲಿತ್ತು. ತಾರೀಕು ಬರೆದಿರಲಿಲ್ಲ. ಕೆಳಗೆ, ಶಾಲೆ ಮಕ್ಕಳ ದುಂಡು ಅಕ್ಷರದಲ್ಲಿ, ಸಂಗ್ವಿಯನ್‌ಳ ಸಹಿ. ಹನ್ನೆರಡು ವರ್ಷದ ಹಿಂದೆ ಬಂದಾಗ ಅವಳ ಕೈಯಲ್ಲಿ ಎರಡು ಹಾಳೆಗಳಿದ್ದವು. ಲಮೈ ಎರಡನೆಯದನ್ನು ನೋಡುವಷ್ಟು ಹೊತ್ತು ಬಾಗಿಲು ತೆರೆದಿಟ್ಟಿರಲಿಲ್ಲ.

"ಇದು ಪುರಸಭೆಯಲ್ಲಿ ನಡೆಯಲ್ಲ, ಗೊತ್ತು" ಎಂದಳು ರಾಂಪೈ. "ಹೊಸದಕ್ಕೆ ನಾನು ಹಾಕ್ತೀನಿ. ಕ್ಷಮಿಸಿದೆ ಅಂತ ತಿಳ್ಕೋಬೇಡಿ. ಅತ್ತೆ ಹಾಕಿದ ಸಹಿನ ಅಳಿಸೋ ಧೈರ್ಯ ನನಗಿಲ್ಲ, ಅಷ್ಟೇ. ಒಂದು ಕೆಲಸ ಮಾಡಿ. ಈ ಒರಳು ಬಸ್ಸಲ್ಲಿ ಹೊರೋಕಾಗಲ್ಲ. ನೀವೇ ಇಟ್ಕೊಳ್ಳಿ."

ಪರವಾನಗಿ ನಲವತ್ತು ದಿನಕ್ಕೆ ಬಂತು. ನಕ್ಷೆಯಲ್ಲಿದ್ದಷ್ಟೇ ಕಟ್ಟಿದರು, ಒಂದು ಬೆರಳು ಹೆಚ್ಚಿಲ್ಲ. ಗಡಿಯ ಗೋಡೆಯಲ್ಲಿ ಕಿಟಕಿ ಇರಬಾರದು, ಗಾಳಿಗಿಂಡಿಯೂ ಇರಬಾರದು. ಅದು ನಿಯಮ. ತವಿನ್‌ನ ಮಂಚ ಆ ಕುರುಡು ಗೋಡೆಗೆ ಒತ್ತಿಕೊಂಡಿದೆ. ಬಾಗಿಲು ಮುಚ್ಚಿ ಮೈ ತೊಳೆಸಿದ ಮೊದಲ ದಿನ ಅವನು ಕಣ್ಣು ಮುಚ್ಚಲಿಲ್ಲ.

ಆಚೆಯ ಮನೆ ಇನ್ನೂ ಮಾರಾಟವಾಗಿಲ್ಲ. ದಿನವೂ ನಾಲ್ಕು ಗಂಟೆಗೆ ಲಮೈ ಆ ಕೋಣೆಯ ನೆಲದಲ್ಲಿ ಕೂತು ಸಂಗ್ವಿಯನ್‌ಳ ಒರಳಿನಲ್ಲಿ ಮೆಣಸು ಕುಟ್ಟುತ್ತಾಳೆ. ಇಬ್ಬರ ಊಟಕ್ಕೆ ಅಷ್ಟು ಬೇಕಿಲ್ಲ. ಉಳಿದದ್ದು ಬುನ್‌ಲಾಳ ಪಾಲಿಗೆ ಬರುತ್ತದೆ. "ನನ್ನ ಸದ್ದು ಒಂದು ದಿನ ಬರಲಿಲ್ಲಾಂದ್ರೆ ಅವತ್ತೇ ಬಾ" ಎಂದು ಅವಳಿಗೆ ಹೇಳಿಟ್ಟಿದ್ದಾಳೆ.

"ಬರ್ತೀನಿ ಬಿಡಕ್ಕ. ಆದ್ರೆ ನಿಜ ಹೇಳು, ಆ ಕಡೆಯಿಂದ ಸದ್ದು ನಿಂತಿತಾ?"

"ನಾನು ಕುಟ್ತಾ ಇರ್ತೀನಲ್ಲ, ನನಗೆ ಹೇಗೆ ಕೇಳುತ್ತೆ?"

"ಮತ್ತೆ ಅಷ್ಟು ಹೊತ್ತು ಯಾಕೆ ಕುಟ್ತೀಯ?"

ಲಮೈ ಬಟ್ಟಲನ್ನು ಬುನ್‌ಲಾಳ ಕೈಗೆ ಕೊಟ್ಟಳು. "ಅದಕ್ಕೇ."

ಅವಳು ಕುಟ್ಟುವುದನ್ನು ನಿಲ್ಲಿಸಿದ ಮೇಲೂ ತವಿನ್‌ನ ಬೆರಳು ಕಂಬಿಯ ಮೇಲೆ ಸ್ವಲ್ಪ ಹೊತ್ತು ಆಡುತ್ತಿರುತ್ತದೆ. ಮೂರು ನಿಧಾನ, ಎರಡು ಬೇಗ. ಅಷ್ಟು ಹೊತ್ತಿಗೆ ನಲ್ಲಿ ತಿರುಗಿಸಿ ಲಮೈ ಅಕ್ಕಿ ತೊಳೆಯುತ್ತಿರುತ್ತಾಳೆ, ನೀರು ಪೂರ್ತಿ ಬಿಟ್ಟು.