ಅಣ್ಣು ಶೆಟ್ಟರ ಬೆರಕೆಯಿಲ್ಲದ ಹುಂಜಗಳು

ಕಕ್ಕಿಂಜೆಯ ಅಣ್ಣು ಶೆಟ್ಟರು ತಮ್ಮ ಮುತ್ತಜ್ಜನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. ತಮ್ಮ ಹುಂಜದ ಮುತ್ತಜ್ಜನ ವಿಷಯವಾದರೆ ಊಟ ಬಿಟ್ಟು ಹೇಳುತ್ತಿದ್ದರು. ಕೋಳಿ ಅಂಕದಲ್ಲಿ, ಅಂದರೆ ಹುಂಜಗಳ ಕಾಳಗದಲ್ಲಿ, ಅವರ ಕೆಂಪು ಹುಂಜಗಳಿಗೆ ಎದುರಿರಲಿಲ್ಲ. “ನಮ್ಮದು ಬೆರಕೆ ಇಲ್ಲದ ತಳಿ” ಎಂಬ ಜಂಬ ಕೇಳಿ ಕೇಳಿ ನೆರೆಮನೆಯ ನನಗೆ ತಲೆ ಚಿಟ್ಟು ಹಿಡಿದಿತ್ತು.

ಸಾವಿರದ ಒಂಬೈನೂರ ಎಂಬತ್ತರ ಸುಮಾರಿಗೆ ಆ ತಳಿಗೇ ಸಂಚಕಾರ ಬಂತು. ಹೇಂಟೆ ಎಷ್ಟು ಕಾವು ಕೂತರೂ ಮೊಟ್ಟೆ ಒಡೆಯುತ್ತಿರಲಿಲ್ಲ; ಹೊರಬಂದ ಮರಿ ಬದುಕುತ್ತಿರಲಿಲ್ಲ. ಶೆಟ್ಟರು ಗೂಡಿನೆದುರು ಕಣ್ಣೊರೆಸಿಕೊಂಡಾಗ ನನಗೂ ಸಂಕಟವಾಯಿತು.

ಅದೇ ವರ್ಷ ಬೆಳ್ತಂಗಡಿಯ ಮೇಷ್ಟ್ರ ಮಗಳು ವಾರಿಜಾಕ್ಷಿ ಬಂದಳು. ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ಅವಳಿಗೆ ಊರೂರಿನ ಕೋಳಿಗಳ ರಕ್ತ ಬೇಕಿತ್ತು. ಮೊಟ್ಟೆಯನ್ನೂ ಮುಟ್ಟದ ಮನೆಯ ಹುಡುಗಿ ಹುಂಜದ ರೆಕ್ಕೆ ಎತ್ತಿ ಸೂಜಿ ಚುಚ್ಚುವುದನ್ನು ನೋಡಲು ಜನ ಸೇರಿದರು. ಆ ರಕ್ತವನ್ನು ಗಂಜಿಯಂಥ ಅಂಟಿನಲ್ಲಿಟ್ಟು ಕರೆಂಟು ಹಾಯಿಸಿದರೆ ಗೆರೆಗಳು ಮೂಡುತ್ತವಂತೆ. ಗೆರೆ ನೋಡಿ, ಹಿಂದೆ ಕೋಳಿಗಳ ಸಂಸಾರ ದೊಡ್ಡದಿತ್ತೋ ಸಣ್ಣದಿತ್ತೋ ಊಹಿಸಬಹುದಂತೆ; ಗೆರೆ ಬಗೆಬಗೆಯಾದಷ್ಟೂ ಸಂಸಾರ ದೊಡ್ಡದಂತೆ.

ಕೆಲವು ತಿಂಗಳ ಮೇಲೆ ಅವಳು ಮತ್ತೆ ಬಂದಳು.

“ಶೆಟ್ರೇ, ಬೇರೆ ಮನೆಯ ಕೋಳಿಗಳಲ್ಲಿ ಬಗೆಬಗೆಯ ಗೆರೆ ಉಂಟು. ನಿಮ್ಮದರಲ್ಲಿ ಎಲ್ಲ ಒಂದೇ. ಯಾವಾಗಲಾದರೂ ತೀರಾ ಕಡಿಮೆ ಉಳಿದಿದ್ದವಾ?”

“ಛೆ! ನಮ್ಮ ಗೂಡು ಯಾವತ್ತೂ ತುಂಬಿಯೇ ಉಂಟು.”

ಒಳಗಿಂದ ಹೆಂಡತಿ ನೀಲಾವತಿ ಬಂದರು. “ಸುಳ್ಳು ಯಾಕೆ ಹೇಳುದು? ಹಿಂದೊಮ್ಮೆ ರೋಗ ಬಂದ ವರ್ಷ ಒಂದು ಹುಂಜ, ಒಂದು ಹೇಂಟೆ ಬಿಟ್ಟು ಎಲ್ಲ ಸತ್ತದ್ದಲ್ವಾ? ಮರ್ಯಾದೆ ಹೋಗ್ತದೆ, ಯಾರಿಗೂ ಹೇಳ್ಬೇಡ ಅಂದದ್ದು ನೀವೇ.”

“ಹಾಗಾದರೆ ಎಲ್ಲ ಆ ಒಂದೇ ಜೋಡಿಯ ಸಂತಾನ; ಒಳಗೊಳಗೇ ಕೂಡಿದ್ದಕ್ಕೆ ಮರಿ ಉಳಿಯುತ್ತಿಲ್ಲ. ಹೊರಗಿನ ಹುಂಜ ಬೇಕು,” ಎಂದಳು ವಾರಿಜಾಕ್ಷಿ. “ಇಲ್ಲದಿದ್ದರೆ ಈ ತಳಿ ಉಳಿಯುವುದಿಲ್ಲ.”

ಬೇರೆಯವರ ಹುಂಜ ಕೇಳುವುದೆ? ಶೆಟ್ಟರ ಮೀಸೆ ಮಣ್ಣಾಗಬಾರದಲ್ಲ! ಆದರೆ ಸೋತ ಹುಂಜ ಗೆದ್ದವನ ಪಾಲು ಎಂಬುದು ಅಂಕದ ನಿಯಮ. ಮುಂದಿನ ಅಂಕದಲ್ಲಿ ಅವರ ಎದುರಾಳಿ ಭೋಜ ತಂದ ಬಿಳಿ ಹುಂಜ ಕಾಲಿಗೆ ಕಟ್ಟಿದ ಕತ್ತಿ ತಾಗುವ ಮೊದಲೇ ಓಟ ಕಿತ್ತು ಸೋತಿತು. ಶೆಟ್ಟರು ಅದನ್ನು ಎದೆಗವಚಿಕೊಂಡು ಮನೆಗೆ ಬಂದರೆ, ನೀಲಾವತಿ ಪದ್ಧತಿಯಂತೆ ಮಸಾಲೆ ಅರೆದಿಟ್ಟಿದ್ದರು.

“ಇವನನ್ನು ಮುಟ್ಟಬೇಡ! ಇವ ನಮ್ಮ ಅಳಿಯ!”

ಮಸಾಲೆಗೆ ಬದನೆಕಾಯಿ ಬಿತ್ತು.

ಮುಂದಿನ ಕಾವಿಗೆ ಗೂಡಿನ ತುಂಬ ಚಿಂವ್‌ಚಿಂವ್. ಸುದ್ದಿ ಕೇಳಿ ಭೋಜ ಬಂದ. “ನನ್ನ ಹೇಡಿ ಹುಂಜವನ್ನು ಸಾಕಿದ್ದೀರಂತೆ, ಶೆಟ್ರೇ?”

ನಾನು ಜಂಬಕ್ಕೆ ಕಾದೆ. ಶೆಟ್ಟರು ಒಂದು ಜೋಡಿ ಮರಿಗಳನ್ನು ಬುಟ್ಟಿಗೆ ಹಾಕಿ ಅವನ ಕೈಗಿಟ್ಟರು.

“ಅವನಿಲ್ಲದಿದ್ದರೆ ನನ್ನ ಗೂಡು ಖಾಲಿ ಆಗ್ತಿತ್ತು ಮಾರಾಯ. ತಕ್ಕೊ, ಸಾಕು. ಪುನಃ ರೋಗ ಬಂದರೆ ನಿನ್ನಲ್ಲಾದರೂ ಉಳಿಯಲಿ.”