ತೆಲುಗು ಬಾರದ ಮಷೀನು

ಎರಡು ವರ್ಷದ ಹಿಂದೆ ನಾನು ತೆಲಂಗಾಣದ ಗಡಿಯ ನಾರಾಯಣಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಕಿವಿ ಪರೀಕ್ಷಿಸುವುದು, ಹಿಯರಿಂಗ್ ಏಡ್ ಹೊಂದಿಸುವುದು ನನ್ನ ಕೆಲಸ. ವಾರಕ್ಕೊಮ್ಮೆ ಮಕ್ತಲ್‌ಗೆ ಹೋಗಿ ಬಾಡಿಗೆ ಕೋಣೆಯೊಂದರಲ್ಲಿ ಕೂರುತ್ತಿದ್ದೆ. ಮಾಣಿಕಮ್ಮ ನನಗೆ ಸಿಕ್ಕಿದ್ದು ಅಲ್ಲಿ.

"ಈ ಮಷೀನಿಗೆ ತೆಲುಗು ಬರಂಗಿಲ್ಲರಿ" ಎಂದು ಆಕೆ ಕಿವಿಯಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಯಾವುದೋ ಶಿಬಿರದಲ್ಲಿ ಕೊಟ್ಟ ಏಡ್. ಮನೆಯ ಕನ್ನಡ ಚೆನ್ನಾಗಿ ಕೇಳುತ್ತಿತ್ತಂತೆ. ಸುಗ್ಗಿಯಲ್ಲಿ ಗದ್ವಾಲದ ಶೇಂಗಾ ಮಿಲ್ಲಿಗೆ ದಿನವೂ ಬಸ್ಸಿನಲ್ಲಿ ಹೋಗುತ್ತಿದ್ದರು. ಅಲ್ಲಿ ಎಲ್ಲವೂ ತೆಲುಗು, ಆಕೆಗೂ ಚೆನ್ನಾಗಿ ಬರುವ ಭಾಷೆಯೇ. "ಹೆಣ್ಮಕ್ಕಳು ನಕ್ಕರ ನಾನೂ ನಗತೀನ್ರಿ. ಯಾಕಂತ ಮಾತ್ರ ಗೊತ್ತಾಗಂಗಿಲ್ಲ."

ಕನ್ನಡ ಮಾತು ಹೇಳಿ ಪರೀಕ್ಷಿಸಿದಾಗ ದೋಷವೇನೂ ಕಾಣಲಿಲ್ಲ. ಕೆಲಸದ ಜಾಗದಲ್ಲೇ ನೋಡೋಣವೆಂದು ಒಂದು ದಿನ ಆಕೆಯ ಜೊತೆ ಗದ್ವಾಲಕ್ಕೆ ಹೋದೆ.

ಮಧ್ಯಾಹ್ನ ಕರೆಂಟ್ ಹೋಯಿತು. ಶೇಂಗಾ ಸುಲಿಯುವ ಯಂತ್ರ ನಿಂತು ಶೆಡ್ಡಿನಲ್ಲಿ ಸದ್ದೇ ಇಲ್ಲದಂತಾಯಿತು. ಯಂತ್ರದ ಬಾಯಲ್ಲಿ ಸಿಕ್ಕಿಕೊಂಡಿದ್ದ ಸಿಪ್ಪೆ ತೆಗೆಯಲು ಮಾಣಿಕಮ್ಮ ಮುಂದೆ ಬಾಗಿದರು. ಯಂತ್ರ ನಡೆಸುವ ಖಾದರ್ ಬೀಡಿ ಹಚ್ಚುತ್ತ, ದನಿ ಏರಿಸದೆ ಹೇಳಿದ: "ಕರೆಂಟ್ ಒಸ್ತದಿ. ಚೆಯ್ ಪೆಟ್ಟೊದ್ದು." ಕರೆಂಟ್ ಬರುತ್ತದೆ, ಕೈ ಇಡಬೇಡ.

ಮಾಣಿಕಮ್ಮ ತಲೆಯಾಡಿಸಿ ಕೈ ಒಳಗಿಟ್ಟರು.

ನಾನು ಧಾವಿಸಿದೆ. ಸೆರಗು ಹಿಡಿದು ಎಳೆದೆ. ಬೆಲ್ಟ್ ತಿರುಗಿತು. ಕೈ ಹೊರಗೆ ಬಂತು, ಬಳೆಗಳು ಒಳಗೆ ಹೋದವು. ಬೀಜದ ಜೊತೆ ಹಸಿರು ಗಾಜಿನ ಚೂರುಗಳು ಹೊರಬಿದ್ದವು. ಈಗಲೂ ಕರೆಂಟ್ ಬಂದು ಫ್ಯಾನ್ ತಿರುಗಿದರೆ ಸಾಕು, ನನ್ನ ಮುಷ್ಟಿ ತಾನಾಗಿ ಬಿಗಿಯುತ್ತದೆ.

"ಪೆಟ್ಟೊದ್ದು ಅನ್ನಾನು ಕದಮ್ಮಾ" ಎಂದ ಖಾದರ್. ಇಡಬೇಡ ಅಂದೆನಲ್ಲಮ್ಮಾ.

"ಪೆಟ್ಟು ಅಂದಿ, ಇಟ್ಟೆ. ಬೀಡಿ ಹಚ್ಚಾಕ ಬರೋ ಕೈಗೆ ಬಟನ್ ಆರಿಸಾಕ ಬರಂಗಿಲ್ಲೇನು?"

ಆಗ ನನಗೆ ಹೊಳೆಯಿತು. ಕನ್ನಡದ 'ಇಡಬ್ಯಾಡ'ದಲ್ಲಿ 'ಬ್ಯಾ' ಬಾಯಿ ತೆರೆದು ಬರುವ ದೊಡ್ಡ ಸದ್ದು. ತೆಲುಗಿನ 'ಒದ್ದು' ತುಟಿ ದುಂಡಾಗಿಸಿ, ವಾಕ್ಯದ ಕೊನೆಯಲ್ಲಿ ದನಿ ಇಳಿಯುವಾಗ ಬರುತ್ತದೆ. ಆಕೆಯ ಏಡ್ ಮೆಲ್ಲನೆಯ ಸದ್ದನ್ನು ಎತ್ತಿ ಕೊಡುತ್ತಿರಲಿಲ್ಲ. 'ಪೆಟ್ಟು' ಅಂದರೆ ಇಡು, 'ಪೆಟ್ಟೊದ್ದು' ಅಂದರೆ ಇಡಬೇಡ; ಎರಡೂ ಆಕೆಗೆ ಒಂದೇ.

ಮಿಲ್ಲಿನ ಸಾವ್ಕಾರರು ಬಂದು ಗಾಜಿನ ಚೂರು ನೋಡಿದರು. ಬೈಯಲಿಲ್ಲ. "ರೇಪು ಪನಿಕಿ ರಾವೊದ್ದು" ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದರು. ನಾಳೆ ಕೆಲಸಕ್ಕೆ ಬರಬೇಡ.

"ಆತ್ರಿ, ಬರತೀನಿ" ಎಂದರು ಮಾಣಿಕಮ್ಮ.

ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. "ಇಷ್ಟೆಲ್ಲಾ ಆದರೂ ನಾಳೆ ಬಾ ಅಂದ್ರು ನೋಡ್ರಿ. ಛಲೋ ಮನಷ್ಯಾರು" ಎಂದು ಖಾಲಿ ಮುಂಗೈ ಸವರಿಕೊಂಡರು. ನಾನು ಕಿಟಕಿಯ ಕಡೆ ತಿರುಗಿದೆ. ಮಕ್ತಲ್ ತನಕ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿದ್ದಂತೆ ಬಂದೆವು. ಇಳಿಯುವಾಗ, ನಾಳೆ ಕೆಲಸದ ಬಸ್ಸಿಗೆ ಮುಂಚೆ ನನ್ನ ಕೋಣೆಗೆ ಬಂದು ಹೋಗಿ ಎಂದಷ್ಟೇ ಹೇಳಿದೆ.

ಬೆಳಿಗ್ಗೆ ಬುತ್ತಿ ಸಮೇತ ಬಂದರು. ಲ್ಯಾಪ್‌ಟಾಪಿಗೆ ಏಡ್ ಜೋಡಿಸಿ ಮೆಲ್ಲನೆಯ ಸದ್ದುಗಳ ಗೇನ್, ಅಂದರೆ ಎತ್ತಿ ಕೊಡುವ ಅಳತೆ, ಹೆಚ್ಚಿಸಿದೆ. ಬೆನ್ನ ಹಿಂದೆ ನಿಂತು ತೆಲುಗು ಮಾತುಗಳನ್ನು ಹೇಳುತ್ತ ಹೋದೆ. ಪೆಟ್ಟು, ಪೆಟ್ಟೊದ್ದು. ತಿನು, ತಿನೊದ್ದು. ಆಕೆ ಮರಳಿ ಹೇಳಿದರು, ಒಂದೂ ತಪ್ಪಲಿಲ್ಲ. "ಈಗ ಕಲೀತು ನೋಡ್ರಿ ತೆಲುಗು" ಎಂದು ನಕ್ಕರು.

"ರಾ" ಎಂದೆ.

"ರಾ."

"ರಾವೊದ್ದು."

"ರಾವೊ..." ಎಂದು ತಡೆದರು. ನನ್ನ ಕಡೆ ತಿರುಗಿದರು. "ನಿನ್ನೆ ಸಾವ್ಕಾರ್ರು ಇದನ್ನ ಅಂದಿದ್ರೇನ್ರಿ?"

ಹೌದೆಂದೆ.

ಹೊರಗೆ ಬಸ್ಸಿನ ಹಾರ್ನ್ ಕೇಳಿತು. ಆಕೆ ಏಳಲಿಲ್ಲ. "ಪೂರಾ ಕೇಳಸ್ತು ಬಿಡ್ರಿ" ಎಂದು ಬುತ್ತಿಯನ್ನು ತೊಡೆಯ ಮೇಲೆ ಎಳೆದುಕೊಂಡರು.

ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಕೇಳಿ ಏಡ್ ಹೊಂದಿಸುವುದನ್ನು ನಾನು ಕಾಲೇಜಿನಲ್ಲಿ ಕಲಿತಿದ್ದೆ. ಈಗ ಮೊದಲು ಕೇಳುವುದು ಬೇರೆ: ನಿಮಗೆ 'ಬೇಡ' ಅನ್ನುವವರು ಯಾವ ಭಾಷೆಯಲ್ಲಿ ಅನ್ನುತ್ತಾರೆ?